ಗಾಜಿನ ತೊಟ್ಟಿಯಲ್ಲಿ ಕಡಲು

ನೆಲದಡಿಯಲ್ಲೊಂದು ಸಂಪು, ಮಾಳಿಗೆಯ ಮೇಲೊಂದು ಟ್ಯಾಂಕು, ಇವೆರಡರ ನಡುವೆ ಒಂದು ಮೋಟಾರು: ಬೆಂಗಳೂರಿನ ಮನೆಗಳ ಈ ಏರ್ಪಾಡು ವಾಚಕರಿಗೆ ಹೊಸತಲ್ಲ. ಮೋಟಾರು ನೀರನ್ನು ಮೇಲಕ್ಕೆ ಒತ್ತುತ್ತದೆ. ಭೂಮಿಯ ಆಕರ್ಷಣೆ ಅದನ್ನು ಕೆಳಕ್ಕೆ ತರುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ಮನೆಗಳಲ್ಲಿ ಹವ್ಯಾಸಿಗಳು ಇರಿಸಿಕೊಳ್ಳುವ ಕಡಲನೀರಿನ ಗಾಜಿನ ತೊಟ್ಟಿಯೂ ಇದೇ ಏರ್ಪಾಡಿನ ಕಿರಿಯ ರೂಪ. ಮೇಲೆ ಮೀನುಗಳಿರುವ ತೊಟ್ಟಿ, ಅದರ ಕೆಳಗಿನ ಕಪಾಟಿನಲ್ಲಿ ನೀರನ್ನು ಶೋಧಿಸುವ ಸಂಪು, ಸಂಪಿನೊಳಗೆ ಒಂದು ಪಂಪು.

ಇಂತಹ ತೊಟ್ಟಿಯೊಂದನ್ನು ಕಟ್ಟಿದ ನಮ್ಮ ಮಿತ್ರರ ಮನೆಗೆ ಒಂದು ಬೆಳಗ್ಗೆ ನಾವು ಹೋಗಬೇಕಾಗಿ ಬಂದಿತು. ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಪಂಪು ನಿಂತಿತ್ತು. ನಿಂತ ಪಂಪಿನಿಂದ ಏನು ಅಪಾಯ ಎಂದು ಮಿತ್ರರು ಮಲಗಿದ್ದರು. ಬೆಳಗಾಗುವಷ್ಟರಲ್ಲಿ ಸುಮಾರು 40 ಲೀಟರು ಉಪ್ಪುನೀರು ನೆಲದ ಮೇಲೆ ಹರಿದು, ಕೆಳಗಿನ ಮನೆಯವರ ಛಾವಣಿಯನ್ನೂ ನೆನೆಸಿತ್ತು. ಪಂಪು ನಡೆಯುತ್ತಿದ್ದಾಗ ಒಂದು ಹನಿಯೂ ಹೊರಚೆಲ್ಲದ ತೊಟ್ಟಿಯಿಂದ, ಪಂಪು ನಿಂತಾಗ ಇಷ್ಟು ನೀರು ಚೆಲ್ಲಿದುದು ಹೇಗೆ?

ಇದರ ಕಾರಣ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಉಂಟು. ಪಂಪಿನಿಂದ ಮೇಲೇರಿದ ಕೊಳವೆಯ ಬಾಯಿ ತೊಟ್ಟಿಯ ನೀರಿನೊಳಗೆ ಮುಳುಗಿತ್ತು. ಪಂಪು ನಿಂತೊಡನೆ ನೀರು ತುಂಬಿದ ಆ ಕೊಳವೆ ಬಕನಾಳವಾಯಿತು. ಎಂದರೆ, ನಾವು ಸೈಫನ್ನು ಎಂದು ಕರೆಯುವ ಸಾಧನವಾಯಿತು. ಮೇಲಿನ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಇಳಿಯತೊಡಗಿತು. ಬಾಯಿಗೆ ಗಾಳಿ ಸಿಕ್ಕುವವರೆಗೆ ಅದು ನಿಲ್ಲುವುದಿಲ್ಲ. ಮಾಳಿಗೆಯ ಟ್ಯಾಂಕಿನಲ್ಲಿ ಕೊಳಾಯಿ ಕೆಲಸದವರು ಕೊಳವೆಯ ಬಾಯನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಇರಿಸುತ್ತಾರೆ. ಅಲ್ಲಿ ಈ ತೊಂದರೆಗೆ ಎಡೆಯಿಲ್ಲ.

ಲೆಕ್ಕ ಹಾಕಿ ನೋಡೋಣ. ಆ ತೊಟ್ಟಿಯ ಉದ್ದ 120 ಸೆಂಟಿಮೀಟರು, ಅಗಲ 50. ಆದುದರಿಂದ ಒಂದು ಸೆಂಟಿಮೀಟರು ಎತ್ತರದ ನೀರೆಂದರೆ 6 ಲೀಟರು. ಕೆರೆಗೆ ಕೋಡಿ ಇರುವಂತೆ, ತೊಟ್ಟಿಯ ಬದಿಯಲ್ಲಿಯೂ ಹೆಚ್ಚಿದ ನೀರು ಹರಿದುಹೋಗಲು ಒಂದು ಕೋಡಿಯುಂಟು. ವರ್ತೂರು ಕೋಡಿಯನ್ನು ಬಲ್ಲ ವೈಟ್‌ಫೀಲ್ಡಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಪಂಪು ನಡೆಯುವಾಗ ನೀರು ಕೋಡಿಗಿಂತ ಒಂದು ಸೆಂಟಿಮೀಟರಿನಷ್ಟು ಮೇಲಿರುತ್ತದೆ. ಕೊಳವೆಯ ಬಾಯಿ ಕೋಡಿಗಿಂತ 10 ಸೆಂಟಿಮೀಟರು ಕೆಳಗಿತ್ತು. ಹೀಗೆ 11 ಸೆಂಟಿಮೀಟರು, ಎಂದರೆ 66 ಲೀಟರು, ಸಂಪಿಗೆ ಇಳಿಯಿತು. ಸಂಪಿನ ಅಗಲುದ್ದ 60 ಮತ್ತು 40; ಅದರಲ್ಲಿ ಬರಿದಾಗಿದ್ದುದು 10 ಸೆಂಟಿಮೀಟರು, ಎಂದರೆ 24 ಲೀಟರಿಗೆ ಮಾತ್ರ ಸ್ಥಳ. ಉಳಿದ 42 ಲೀಟರು ನೆಲದ ಪಾಲಾಯಿತು.

ಪರಿಹಾರಕ್ಕೆ ಒಂದು ಗರಗಸ ಸಾಕಾಯಿತು. ಬಾಯನ್ನು ಕೋಡಿಗಿಂತ ಎರಡೇ ಸೆಂಟಿಮೀಟರು ಕೆಳಕ್ಕೆ ಬರುವಂತೆ ಏರಿಸಿದೆವು. ಈಗ ಇಳಿಯುವುದು 18 ಲೀಟರು. ಕೊಳವೆಗಳಲ್ಲಿ ಉಳಿದ ನೀರನ್ನು ಸೇರಿಸಿದರೂ ಸಂಪು ತಡೆದುಕೊಳ್ಳುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ವಾಲ್ವನ್ನು ಹಾಕಬಾರದೇ ಎಂದು ಕೆಲವರು ಕೇಳುವುದುಂಟು. ಕಡಲನೀರಿನಲ್ಲಿ ಸುಣ್ಣದ ಪೊರೆಯೂ ಪಾಚಿಯೂ ಕಟ್ಟಿಕೊಂಡು ಆ ವಾಲ್ವಿನ ಬಾಗಿಲು ಸರಿಯಾಗಿ ಮುಚ್ಚದೆ ಹೋಗಬಹುದು. ಎತ್ತರದ ಲೆಕ್ಕವಾದರೋ ಎಂದೂ ಕೈಕೊಡುವುದಿಲ್ಲ.

ಇನ್ನೊಂದು ಲೆಕ್ಕವೂ ಉಂಟು. ಇಳಿಯುವ ಕೊಳವೆಗೆ ಒಂದು ಬಸವನಹುಳು ಸಿಕ್ಕಿಕೊಂಡು ದಾರಿ ಮುಚ್ಚಿತೆನ್ನಿ. ಪಂಪು ತನ್ನ ಕೋಣೆಯ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಆ ಕೋಣೆಯಲ್ಲಿ 15 ಲೀಟರು ಇದ್ದರೆ ಮೇಲಿನ ಮಟ್ಟ ಎರಡೂವರೆ ಸೆಂಟಿಮೀಟರು ಏರುವುದು. ಗಾಜಿನ ಅಂಚು ಅದಕ್ಕಿಂತ ಎತ್ತರವಾಗಿದ್ದರೆ ಅಪಾಯವಿಲ್ಲ. ಪಂಪು ನಿಂತರೆ ಕೆಳಗೆ ಸ್ಥಳವಿರಬೇಕು. ದಾರಿ ಕಟ್ಟಿದರೆ ಮೇಲೆ ಸ್ಥಳವಿರಬೇಕು. ಅಚ್ಚುಕಟ್ಟಾದ ಕೊಳವೆ ಕೆಲಸದ ಸಾರವೆಲ್ಲ ಈ ಎರಡು ಮಾತುಗಳಲ್ಲಿದೆ.

ಇಳಿಯುವ ಕೊಳವೆಗಳು ಮೂರಿದ್ದರೆ ಉತ್ತಮ. ಒಂದೇ ಕೊಳವೆಯಲ್ಲಿ ನೀರೂ ಗಾಳಿಯೂ ಕೂಡಿ ಇಳಿದರೆ ಹಗಲಿರುಳು ಗೊಳಗೊಳ ಸದ್ದು ತಪ್ಪದು. ಮೊದಲನೆಯ ಕೊಳವೆಯನ್ನು ವಾಲ್ವಿನಿಂದ ಹದಗೊಳಿಸಿ ಅದರಲ್ಲಿ ಸದಾ ನೀರೇ ತುಂಬಿರುವಂತೆ ಮಾಡಬೇಕು. ಆಗ ಅದು ಮೌನವಾಗಿರುತ್ತದೆ. ಎರಡನೆಯದು ಗಾಳಿಗೆ ತೆರೆದುಕೊಂಡು, ಮಿಕ್ಕ ಅಲ್ಪ ನೀರನ್ನು ಒಯ್ಯುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿರುವ ಮೂರನೆಯದು ಒಣಗಿಯೇ ಇದ್ದು, ಆಪತ್ತಿನಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ.

ಮೇಲೇರುವ ಕೊಳವೆಯ ವ್ಯಾಸದಲ್ಲಿ ಜಿಪುಣತನ ಸಲ್ಲದು. ಇಂತಹ 300 ಲೀಟರಿನ ತೊಟ್ಟಿಯ ನೀರು ಗಂಟೆಗೆ ಐದು ಸಲ ಸಂಪನ್ನು ಸುತ್ತಿ ಬರಲಿ ಎಂದುಕೊಂಡರೆ ಹರಿವು ಗಂಟೆಗೆ 1500 ಲೀಟರು. 25 ಮಿಲಿಮೀಟರು ಒಳವ್ಯಾಸದ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 85 ಸೆಂಟಿಮೀಟರು. 20 ಮಿಲಿಮೀಟರಿನ ಕೊಳವೆಯನ್ನು ಹಾಕಿದರೆ ಘರ್ಷಣೆಯ ನಷ್ಟ ಸುಮಾರು ಮೂರು ಪಟ್ಟಾಗುತ್ತದೆ. ಪಂಪಿನ ಮೇಲೆ ಬರೆದಿರುವ ಹರಿವು ಎತ್ತರವೇ ಇಲ್ಲದಾಗಿನ ಅಂಕಿ. ಎತ್ತರವೂ ತಿರುವುಗಳೂ ಅದನ್ನು ತಗ್ಗಿಸುತ್ತವೆ. ಒಂದು ಕಡಿದಾದ ಎಲ್ಬೋಗೆ ಬದಲು ಎರಡು ಅರೆತಿರುವುಗಳು ಲೇಸು. ಬಿಚ್ಚಿ ತೊಳೆಯುವಂತೆ ಪಂಪಿನ ಬಳಿ ಯೂನಿಯನ್ ಜೋಡಣೆ ಇರಲಿ. ಕೊಳವೆಗಳು ಪಿ.ವಿ.ಸಿ.ಯವಾಗಿರಲಿ, ಹಿತ್ತಾಳೆಯ ವಾಲ್ವು ಬೇಡ. ಅದರಿಂದ ಕರಗುವ ತಾಮ್ರ ಸಿಗಡಿ, ಕಡಲಹೂವುಗಳಂತಹ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ.

ನೀರು ಹೀಗೇಕೆ ಹರಿಯುತ್ತಿರಬೇಕು? ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ನೆಲೆಬಿಟ್ಟು ಚಲಿಸಲಾರದ ಆ ಜೀವಿಗಳಿಗೆ ಆಹಾರ, ಆಮ್ಲಜನಕಗಳನ್ನು ತಂದು ಕಶ್ಮಲವನ್ನು ಒಯ್ಯುವುದು ಅಲೆಗಳ ಕೆಲಸ. ನಿಶ್ಚಲ ನೀರಿನಲ್ಲಿ ಜೀವಿಯ ಮೈಗೆ ಹತ್ತಿದ ತೆಳು ಪದರವೇ ಅದಕ್ಕೆ ಸೆರೆಮನೆ. ಆದುದರಿಂದ ಸಂಪಿನ ಹರಿವಲ್ಲದೆ, ತೊಟ್ಟಿಯೊಳಗೆ ನೀರನ್ನು ಕದಡುವ ಬೇರೆ ಪಂಪುಗಳೂ ಬೇಕು. ಮೇಲಾಗಿ, ಕಡಲನೀರು ಸಿಹಿನೀರಿಗಿಂತ ಐದರಲ್ಲೊಂದು ಪಾಲಿನಷ್ಟು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಮೀನಿನ ಪ್ರಾಣವನ್ನು ಉಳಿಸುತ್ತದೆ.

ಎರಡು ಎಚ್ಚರಿಕೆಗಳು. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳ, ಕಡಲಕುದುರೆ ಮೊದಲಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ; ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಕೃತಕ ಬಂಡೆಗಳ ನಡುವೆ, ಕಾನೂನು ಒಪ್ಪುವ ಜೀವಿಗಳಿಂದಲೇ ಹವ್ಯಾಸಿ ತೃಪ್ತನಾಗತಕ್ಕದ್ದು. ಇನ್ನೊಂದು, ನೀರಿನ ವಿಷಯ. ಕೊಳವೆಬಾವಿಯ ಗಡಸುನೀರನ್ನು ಶುದ್ಧಿಮಾಡುವ ಯಂತ್ರ ಸಾಕಷ್ಟು ನೀರನ್ನು ಹೊರಚೆಲ್ಲುತ್ತದೆ. 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದ ವೈಟ್‌ಫೀಲ್ಡಿನವರು ಅದನ್ನು ಚರಂಡಿಗೆ ಬಿಡಲಾರರು. ನೆಲ ಒರಸಲು ಅದು ಒದಗುತ್ತದೆ.

ಕೊನೆಯದಾಗಿ ಒಂದು ಪರೀಕ್ಷೆ. ಉಪ್ಪು ಬೆರಸುವ ಮೊದಲು, ಮೀನು ತರುವ ಮೊದಲು, ಬರಿಯ ನೀರು ತುಂಬಿ ಪಂಪನ್ನು ನಡೆಯಿಸಿ, ಸ್ವಿಚ್ಚನ್ನು ಆರಿಸಿ, ನೀರು ಎಲ್ಲಿ ನಿಲ್ಲುವುದೆಂದು ನೋಡಿ ಸಂಪಿನ ಗಾಜಿನ ಮೇಲೆ ಗೆರೆ ಎಳೆಯಿರಿ. ಮತ್ತೆ ಹಾಕಿ, ಮತ್ತೆ ಆರಿಸಿ. ನಮ್ಮ ಮಿತ್ರರು ಹೀಗೆ ಹತ್ತು ಸಲ ಮಾಡಿದರು. ಆಮೇಲೆ ಕೆಳಗಿನ ಮನೆಯವರನ್ನು ಕಾಫಿಗೆ ಕರೆದು, ಹನ್ನೊಂದನೆಯ ಸಲ ಅವರ ಕೈಯಿಂದಲೇ ಸ್ವಿಚ್ಚು ಆರಿಸಿಸಿದರು.