ಆರನೆಯ ಬೆರಳು

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಶಿಕ್ಷಣ ಇಲಾಖೆ ಮಾತ್ರ ಇದನ್ನು ಎರಡು ಜಿಲ್ಲೆಯಾಗಿ ಎಣಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಳಿದ ಆರು ತಾಲ್ಲೂಕು ತುಮಕೂರಿನದು. ಈ ನಾಲ್ಕು ಊರುಗಳ ಹೆಸರನ್ನು ಬ್ರೈಲ್ ಲಿಪಿಯಲ್ಲಿ ಬರೆಯಲು ಎಷ್ಟು ಚುಕ್ಕೆ ಬೇಕೆಂದು ಒಂದು ಸಂಜೆ ಕೂತು ಎಣಿಸಿದೆ. ಎಣಿಸಿದ್ದು ಬ್ರೈಲ್‌ಗಾಗಿ ಅಲ್ಲ, ಮೊಬೈಲ್ ಫೋನಿನ ಪರದೆಗಾಗಿ.

ಬ್ರೈಲ್‌ನ ಪ್ರತಿ ಅಕ್ಷರವೂ ಆರು ಚುಕ್ಕೆಗಳ ಒಂದು ಪುಟ್ಟ ಮನೆ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಯಾವ ಚುಕ್ಕೆಗಳು ಉಬ್ಬಿವೆ ಎಂಬುದರ ಮೇಲೆ ಅಕ್ಷರ ನಿಲ್ಲುತ್ತದೆ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ‘ಕ’ಗೆ ಎರಡು ಚುಕ್ಕೆ, ‘ಮ’ಗೆ ಮೂರು, ‘ಗ’, ‘ಧ’, ‘ರ’, ‘ಪ’, ‘ವ’, ‘ಡ’ಗಳಿಗೆ ನಾಲ್ಕು ನಾಲ್ಕು. ಸ್ವರ ಬಂದರೆ ಅದಕ್ಕೆ ಬೇರೆಯೇ ಮನೆ. ಹೀಗಾಗಿ ಮಧುಗಿರಿ, ಶಿರಾ, ಪಾವಗಡ ಎಂದು ಬರೆಯುವಾಗ ಯಾವ ಮನೆಯಲ್ಲೂ ನಾಲ್ಕಕ್ಕಿಂತ ಹೆಚ್ಚು ಚುಕ್ಕೆ ಬೇಡ. ಕೊರಟಗೆರೆಯ ‘ಟ’ಗೆ ಐದು ಬೇಕು. ಇನ್ನು ‘ಪ್ರೌಢಶಾಲೆ’ ಎಂದು ಬರೆಯಲು ಹೊರಟರೆ ‘ಢ’ ಎದುರಾಗುತ್ತದೆ. ಅದಕ್ಕೆ ಆರಕ್ಕೆ ಆರೂ ಚುಕ್ಕೆ.

ಕಾಗದದ ಮೇಲೆ ಇದು ತೊಡಕೇ ಅಲ್ಲ. ಸ್ಲೇಟು, ಸ್ಟೈಲಸ್ ಹಿಡಿದ ಮಗು ಒಂದೊಂದೇ ಚುಕ್ಕೆ ಚುಚ್ಚುತ್ತಾ ಹೋಗುತ್ತದೆ. ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯಿಂದ ಬಂದ ಬ್ರೈಲರ್ ಯಂತ್ರದಲ್ಲಿ ಚುಕ್ಕೆಗೊಂದರಂತೆ ಆರು ಕೀಲಿಗಳಿವೆ. ಬೇಕಾದವನ್ನು ಒಟ್ಟಿಗೆ ಒತ್ತಿದರೆ ಅಕ್ಷರ ಒಮ್ಮೆಲೇ ಮೂಡುತ್ತದೆ. ಆದರೆ ಆ ಯಂತ್ರದ ತೂಕ ಸುಮಾರು 5 ಕಿಲೋ. ಹಳ್ಳಿಯಿಂದ ಬಸ್ಸು ಹಿಡಿದು ಶಾಲೆಗೆ ಬರುವ ಮಗುವಿನ ಚೀಲಕ್ಕೆ ಅದು ಹೇಳಿದ್ದಲ್ಲ. ಆ ಆರು ಕೀಲಿಗಳನ್ನೇ ಫೋನಿನ ಗಾಜಿನ ಮೇಲೆ ತರುವ ಸೌಲಭ್ಯ ಐಫೋನಿಗೆ 2014ರಲ್ಲಿ, ಆಂಡ್ರಾಯ್ಡ್‌ಗೆ 2020ರಲ್ಲಿ ಬಂತು. ಫೋನನ್ನು ಅಡ್ಡಲಾಗಿ, ಪರದೆ ಹೊರಮುಖ ಮಾಡಿ ಹಿಡಿಯಬೇಕು. ಎರಡೂ ಕಡೆಯಿಂದ ಮೂರು ಮೂರು ಬೆರಳು ಗಾಜಿನ ಮೇಲೆ ಕೂರುತ್ತವೆ. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ, ಆದ್ದರಿಂದ ಪರದೆ ಆಚೆ ತಿರುಗಿದ್ದರೂ ನಡೆಯುತ್ತದೆ. ಬೆರಳಿಗೆ ರೂಢಿಯಾದವರು ಈ ರೀತಿ ತುಂಬ ಬೇಗ ಬರೆಯುತ್ತಾರೆ.

ಅಡ್ಡಿ ಬರುವುದು ಇಲ್ಲಿಯೇ. ಒಂದೇ ಹೊತ್ತಿನಲ್ಲಿ ಎಷ್ಟು ಬೆರಳುಗಳನ್ನು ಗುರುತಿಸಬಹುದು ಎಂಬುದಕ್ಕೆ ಪ್ರತಿ ಪರದೆಗೂ ಒಂದು ಮಿತಿ ಇದೆ. ಆಂಡ್ರಾಯ್ಡ್ ವ್ಯವಸ್ಥೆ ಪರದೆಗಳನ್ನು ಕೆಲವು ದರ್ಜೆಗಳಾಗಿ ವಿಂಗಡಿಸುತ್ತದೆ. ಅದರಲ್ಲಿ ಮೇಲಿನ ದರ್ಜೆಯ ಹೆಸರು ‘ಜಾಝ್‌ಹ್ಯಾಂಡ್’. ಆ ದರ್ಜೆ ಕೊಡುವ ಭರವಸೆ ಐದು ಅಥವಾ ಅದಕ್ಕಿಂತ ಹೆಚ್ಚು ಬೆರಳು. ಐದು ಖಚಿತ, ಆರನೆಯದು ತಯಾರಕರ ಇಷ್ಟಕ್ಕೆ ಬಿಟ್ಟದ್ದು.

ಐದರಲ್ಲೇ ನಿಲ್ಲುವ ಪರದೆಯ ಮೇಲೆ ‘ಢ’ ಬರೆಯಲು ಆರು ಬೆರಳಿಟ್ಟರೆ ಏನಾಗುತ್ತದೆ? ಒಂದು ಬೆರಳು ಲೆಕ್ಕಕ್ಕೆ ಬರುವುದಿಲ್ಲ. 1ನೇ ಚುಕ್ಕೆ ಬಿಟ್ಟುಹೋದರೆ ಉಳಿದ ಐದು ಸೇರಿ ‘ಟ’ ಆಗುತ್ತದೆ. 2ನೆಯದು ಬಿಟ್ಟುಹೋದರೆ ‘ಯ’. 6ನೆಯದಾದರೆ ‘ಕ್ಷ’. ಮಗು ತಪ್ಪು ಮಾಡಿಲ್ಲ, ಆದರೂ ಫೋನು ಬೇರೆ ಅಕ್ಷರ ಉಚ್ಚರಿಸುತ್ತದೆ. ಆಗತಾನೇ ಲಿಪಿ ಕಲಿಯುತ್ತಿರುವ ಮಗು ತನ್ನ ಬೆರಳನ್ನೇ ಅನುಮಾನಿಸುತ್ತದೆ. ನನಗೆ ಸಂಕಟವಾಗುವುದು ಈ ಜಾಗದಲ್ಲಿ. ಎರಡೇ ಬೆರಳು ಹಿಡಿಯುವ ಅಗ್ಗದ ಪರದೆಯಾದರಂತೂ ‘ಮ’ ಕೂಡ ಮೂಡದು. ‘ಅಮ್ಮ’ ಎಂದು ಬರೆಯುವ ಹಾಗಿಲ್ಲ.

ಈ ಮಿತಿ ಎಲ್ಲಿಂದ ಬಂತೆಂದು ತಿಳಿಯಲು ಗಾಜಿನ ಒಳಗೆ ಇಳಿಯಬೇಕು. ಗಾಜಿನ ಅಡಿಯಲ್ಲಿ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಾಹಕದ ತೆಳುಪಟ್ಟಿಗಳು ಉದ್ದಕ್ಕೂ ಅಡ್ಡಕ್ಕೂ ಹರಡಿರುತ್ತವೆ, ಒಂದಕ್ಕೊಂದು ತಗುಲದಂತೆ. ನಮ್ಮ ಮೈ ವಿದ್ಯುತ್ತಿಗೆ ಒಂದು ಮಟ್ಟಿಗೆ ವಾಹಕ. ಬೆರಳು ಹತ್ತಿರ ಬಂದ ಕಡೆ ವಿದ್ಯುದಾವೇಶ ಹಿಡಿದಿಡುವ ಪಟ್ಟಿಗಳ ಸಾಮರ್ಥ್ಯ ಚೂರೇ ಚೂರು ಬದಲಾಗುತ್ತದೆ. ಈ ಬದಲಾವಣೆ ಒಂದು ಪಿಕೊಫ್ಯಾರಡ್‌ಗಿಂತಲೂ ಕಡಿಮೆ. ಪಿಕೊಫ್ಯಾರಡ್ ಎಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟು ಸಣ್ಣದನ್ನು ಅಳೆಯುವ ಚಿಪ್ಪು ಪರದೆಯನ್ನು ಸೆಕೆಂಡಿಗೆ 60, 120 ಬಾರಿ ಸುತ್ತಿ ಬರುತ್ತದೆ.

ಅಳೆಯಲು ಎರಡು ದಾರಿಗಳಿವೆ. ಮೊದಲನೆಯದು, ಪ್ರತಿ ಪಟ್ಟಿಯನ್ನೂ ಇಡಿಯಾಗಿ ಅಳೆಯುವುದು. ಕೊರಟಗೆರೆ ಕಡೆಯ ಒಂದು ಅಡಿಕೆ ತೋಟವನ್ನು ನೆನೆಯಿರಿ. ಮರಗಳು ಉದ್ದಕ್ಕೂ ಅಡ್ಡಕ್ಕೂ ಸಾಲಾಗಿ ನಿಂತಿವೆ. ಪೂರ್ವದ ಬದುವಿನ ಮೇಲೆ ಒಬ್ಬ, ಉತ್ತರದ ಬದುವಿನ ಮೇಲೆ ಒಬ್ಬ ಕಾವಲುಗಾರ. ತೋಟಕ್ಕೆ ಒಬ್ಬ ನುಗ್ಗಿದರೆ ಪೂರ್ವದವನು ‘ಏಳನೇ ಸಾಲು’ ಎನ್ನುತ್ತಾನೆ, ಉತ್ತರದವನು ‘ಮೂರನೇ ಸಾಲು’ ಎನ್ನುತ್ತಾನೆ. ಎರಡೂ ಕೂಡುವ ಮರದ ಕೆಳಗೆ ಕಳ್ಳ ಸಿಕ್ಕಿದ. ಇಬ್ಬರು ನುಗ್ಗಿದರೆ? ಈ ಕಡೆಯಿಂದ ಎರಡು ಸಾಲು, ಆ ಕಡೆಯಿಂದ ಎರಡು ಸಾಲು. ಅವು ನಾಲ್ಕು ಮರಗಳಲ್ಲಿ ಕೂಡುತ್ತವೆ. ಎರಡರ ಕೆಳಗೆ ನಿಜವಾದ ಕಳ್ಳರು, ಇನ್ನೆರಡರ ಕೆಳಗೆ ಯಾರೂ ಇಲ್ಲ. ಕಾವಲುಗಾರರಿಗೆ ವ್ಯತ್ಯಾಸ ತಿಳಿಯದು. ಪರದೆಯ ಭಾಷೆಯಲ್ಲಿ ಆ ಖಾಲಿ ಮರಗಳಿಗೆ ಭೂತಬಿಂದುಗಳೆಂದು ಹೆಸರು.

2010ರಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನು ಇದೇ ಬಗೆಯದು. ಎರಡು ಬೆರಳುಗಳು ಒಂದರ ಸಾಲನ್ನು ಇನ್ನೊಂದು ದಾಟಿದರೆ ಅದಕ್ಕೆ ಯಾವುದು ಯಾವುದೆಂದು ಗೊಂದಲವಾಗುತ್ತಿತ್ತು. ಚಿತ್ರ ಹಿಗ್ಗಿಸಿ ಕುಗ್ಗಿಸಲು ತೊಂದರೆಯಿರಲಿಲ್ಲ, ಏಕೆಂದರೆ ಅಲ್ಲಿ ಬೇಕಾದದ್ದು ಬೆರಳುಗಳ ನಡುವಿನ ಅಂತರ ಮಾತ್ರ. ಎರಡು ಬೆರಳಿನಿಂದ ಆಡುವ ಆಟಗಳಲ್ಲಿ ಎಡವಟ್ಟಾಗುತ್ತಿತ್ತು.

ಎರಡನೆಯ ದಾರಿಯೆಂದರೆ ಪ್ರತಿ ಮರಕ್ಕೂ ಒಬ್ಬ ಕಾವಲುಗಾರ. ಒಂದು ಪಟ್ಟಿಗೆ ವಿದ್ಯುತ್ ಮಿಡಿತ ಕಳಿಸಿ, ಅದನ್ನು ಹಾಯುವ ಎಲ್ಲ ಅಡ್ಡಪಟ್ಟಿಗಳಲ್ಲಿ ಆಲಿಸುವುದು. ಆಮೇಲೆ ಮುಂದಿನ ಪಟ್ಟಿ. ಹೀಗೆ ಪ್ರತಿ ಕೂಡುಬಿಂದುವನ್ನೂ ಬೇರೆ ಬೇರೆಯಾಗಿ ಕೇಳಿದಂತಾಗುತ್ತದೆ, ಭೂತಬಿಂದುಗಳಿಗೆ ಎಡೆಯಿಲ್ಲ. ಇಂದಿನ ಫೋನುಗಳಲ್ಲಿ ಇರುವುದು ಇದೇ. ಆದರೆ ಇದಕ್ಕೆ ಬೆಲೆ ತೆರಬೇಕು. 30 ಉದ್ದಪಟ್ಟಿ, 16 ಅಡ್ಡಪಟ್ಟಿ ಇದ್ದರೆ ಮೊದಲ ರೀತಿಯಲ್ಲಿ 46 ಅಳತೆ ಸಾಕು, ಎರಡನೆಯದಕ್ಕೆ 480. ಟ್ಯಾಬ್ಲೆಟ್‌ನ ದೊಡ್ಡ ಪರದೆಗೆ ಇನ್ನೂ ಹೆಚ್ಚು. ಪ್ರತಿ ಸುತ್ತಿನಲ್ಲೂ ಬೆರಳುಗಳನ್ನು ಎಣಿಸಬೇಕು, ಹಿಂದಿನ ಸುತ್ತಿನ ಯಾವ ಬೆರಳು ಈಗ ಎಲ್ಲಿಗೆ ಸರಿದಿದೆ ಎಂದು ಜೋಡಿಸಬೇಕು. ಬೆರಳಿನ ಸಂಖ್ಯೆ ಏರಿದಂತೆ ಚಿಪ್ಪಿನ ಕೆಲಸವೂ ಏರುತ್ತದೆ. ಬೆಲೆ ತಗ್ಗಿಸಬೇಕಾದ ತಯಾರಕ ಎರಡಕ್ಕೋ ಐದಕ್ಕೋ ನಿಲ್ಲಿಸುತ್ತಾನೆ, ಏಕೆಂದರೆ ಬಹುತೇಕ ಗ್ರಾಹಕರಿಗೆ ಅದರ ಅರಿವೇ ಆಗುವುದಿಲ್ಲ.

ಅರಿವಾಗದಿರುವುದು ಸಹಜವೂ ಹೌದು. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆಂದು ಮನೆಮನೆಗೆ ಹೋದ ಶಿಕ್ಷಕರು 60 ಪ್ರಶ್ನೆಗಳಿಗೆ ಉತ್ತರ ತುಂಬಿದ್ದು ಮೊಬೈಲ್ ಆ್ಯಪ್‌ನಲ್ಲಿ. ಅದಕ್ಕೆ ಒಂದು ಹೆಬ್ಬೆರಳು ಸಾಕಾಗಿತ್ತು. ಹೊಲದ ಬದುವಿನಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಕಡಲೆಕಾಯಿ ಬೆಳೆಯ ಫೋಟೊ ಹಾಕುವ ರೈತನಿಗೂ ಅಷ್ಟೇ.

ಅವರನ್ನು ಕಾಡುವ ಮಿತಿಗಳು ಬೇರೆ. ಹುಣಸೆಹಣ್ಣು ಬಿಡಿಸಿದ ಕೈಯನ್ನು ಸರಿಯಾಗಿ ತೊಳೆಯದೆ ಫೋನ್ ಮುಟ್ಟಿದರೆ ಗಾಜಿನ ಮೇಲೆ ಅಂಟಿನ ತೇವ ಕೂರುತ್ತದೆ. ಹುಳಿ, ಉಪ್ಪು ಇರುವ ತೇವ ವಿದ್ಯುತ್ತಿಗೆ ವಾಹಕ. ಅಕ್ಕಪಕ್ಕದ ಬಿಂದುಗಳು ಒಂದಾಗಿ ಎರಡು ಬೆರಳು ಒಂದೇ ಎಂಬಂತೆ ಕಾಣುತ್ತವೆ. ಬೆವರು, ಮಳೆಹನಿಯ ಕಥೆಯೂ ಇದೇ. ಇದಕ್ಕೆ ತದ್ವಿರುದ್ಧವಾಗಿ, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಬೆರಳ ತುದಿಯಲ್ಲಿ ಒಣಚರ್ಮದ ಪದರ ದಪ್ಪವಾಗಿರುತ್ತದೆ. ಅದರ ಕೆಳಗೊಂದು ಟೆಂಪರ್ಡ್ ಗ್ಲಾಸ್ ಬೇರೆ. ಬೆರಳಿಗೂ ಪಟ್ಟಿಗಳಿಗೂ ನಡುವೆ ಅಂತರ ಹೆಚ್ಚಿದಷ್ಟೂ ಸಂಕೇತ ಕ್ಷೀಣ. ‘ನನ್ನ ಕೈಗೆ ಇದು ಬಗ್ಗಲ್ಲ’ ಎಂದು ವಯಸ್ಸಾದವರು ಫೋನನ್ನು ಮೊಮ್ಮಕ್ಕಳ ಕೈಗೆ ಕೊಡುವುದರ ಹಿಂದೆ ತಿಳಿವಳಿಕೆಯ ಕೊರತೆಯಷ್ಟೇ ಇಲ್ಲ, ಭೌತಶಾಸ್ತ್ರವೂ ಇದೆ.

ಕಳಪೆ ಚಾರ್ಜರ್ ಹಾಕಿದಾಗ ಪರದೆ ತಾನೇ ಒತ್ತಿಕೊಳ್ಳುವುದನ್ನು ಹಲವರು ಕಂಡಿರುತ್ತಾರೆ. ಒಳ್ಳೆಯ ಚಾರ್ಜರ್ ವಿದ್ಯುತ್ತಿನ ಕಂಪನವನ್ನು ಸೋಸುತ್ತದೆ, ಅಗ್ಗದ್ದು ಸೋಸುವುದಿಲ್ಲ. ಆಗ ನೆಲದ ಮೇಲೆ ನಿಂತ ನಮ್ಮ ಮೈಗೆ ಹೋಲಿಸಿದರೆ ಇಡೀ ಫೋನೇ ಏರಿಳಿಯುತ್ತಿರುತ್ತದೆ. ಬೆರಳಿಟ್ಟೊಡನೆ ಆ ಗದ್ದಲ ಪಟ್ಟಿಗಳಿಗೆ ನುಗ್ಗಿ, ಇಲ್ಲದ ಬೆರಳುಗಳು ಮೂಡುತ್ತವೆ. ಚಾರ್ಜರ್ ಕಿತ್ತರೆ ಸರಿಹೋಗುತ್ತದೆ. ಹೀಗಾದರೆ ಪರದೆ ಬದಲಿಸುವ ಮೊದಲು ಚಾರ್ಜರ್ ಬದಲಿಸಿ ನೋಡಿ.

ಸರ್ಕಾರಿ ಟ್ಯಾಬ್ಲೆಟ್‌ಗಳ ಇತಿಹಾಸದಲ್ಲೂ ಪರದೆಯ ಪಾಠವಿದೆ. 2011ರ ಮೊದಲ ಆಕಾಶ್ ಟ್ಯಾಬ್ಲೆಟ್‌ನಲ್ಲಿದ್ದದ್ದು ಒತ್ತಡಕ್ಕೆ ಸ್ಪಂದಿಸುವ ಹಳೆಯ ಬಗೆಯ ಪರದೆ. ಆ ಬಗೆಯ ಪರದೆಯನ್ನು ಎರಡು ಕಡೆ ಒತ್ತಿದರೆ ಅದು ನಡುವೆ ಎಲ್ಲೋ ಒಂದು ಜಾಗ ತೋರಿಸುತ್ತದೆ. ಮರುವರ್ಷದ ಆಕಾಶ್ 2ರಲ್ಲಿ ಅದನ್ನು ಕೈಬಿಟ್ಟು, ವಿದ್ಯುದಾವೇಶ ಅಳೆಯುವ ಪರದೆ ಹಾಕಬೇಕಾಯಿತು. ಅಗ್ಗವಾಗಲೆಂದು ಪರದೆಯಲ್ಲಿ ಉಳಿಸಿದ್ದನ್ನು ಬಳಸುವವರು ದಿನವೂ ತೆರುತ್ತಾರೆ.

ಧ್ವನಿಯಿಂದ ಬರೆಯಬಹುದಲ್ಲ, ಕನ್ನಡಕ್ಕೂ ಆ ಸೌಲಭ್ಯ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಸಂದೇಶ ಕಳಿಸಲು ಅದು ಒಳ್ಳೆಯದೇ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ಗಟ್ಟಿಯಾಗಿ ಹೇಳಿ ಬರೆಯಲಾಗದು. ಅದಕ್ಕಿಂತ ದೊಡ್ಡ ಮಾತೆಂದರೆ, ಬಾಯಲ್ಲಿ ಹೇಳಿ ಬರೆಸುವ ಮಗುವಿಗೆ ಕಾಗುಣಿತ, ಒತ್ತಕ್ಷರ ಬರುವುದಿಲ್ಲ. ಕಣ್ಣಿದ್ದ ಮಕ್ಕಳಿಗೆ ನಾವು ತಿದ್ದಿಸುವುದನ್ನು ಕಣ್ಣಿಲ್ಲದ ಮಗುವಿಗೆ ಬೇಡವೆನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಐದು ಬೆರಳಿಟ್ಟು, ಒಂದನ್ನು ಎತ್ತಿ, ಆರನೆಯದನ್ನು ಇಟ್ಟರೂ ಅಕ್ಷರವೆಂದು ಒಪ್ಪುವ ತಂತ್ರಾಂಶ ಬರೆಯಬಹುದು. ಆದರೆ ಅದರಿಂದ ಬರವಣಿಗೆಯ ವೇಗ ಕುಂದುತ್ತದೆ. ಮೇಲಾಗಿ ‘ಯ’ ಕೂಡ ಐದು ಚುಕ್ಕೆಯ ಅಕ್ಷರ. ಶಾಲೆಯ, ಮನೆಯ, ತಾಯಿಯ ಎನ್ನದೆ ಕನ್ನಡದ ಒಂದು ಸಾಲು ಮುಂದೆ ಹೋಗುವುದಿಲ್ಲ. ಐದರ ಅಂಚಿನಲ್ಲೇ ದಿನವಿಡೀ ಬರೆಯುವ ಮಗುವಿಗೆ ಪರದೆಯಲ್ಲಿ ಸ್ವಲ್ಪವಾದರೂ ಹೆಚ್ಚಿನ ಬಲ ಇರಬೇಕು.

ಪರೀಕ್ಷೆ ಸುಲಭ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಪಾಯಿಂಟರ್ ಲೊಕೇಶನ್ ಚಾಲೂ ಮಾಡಿ. ಮೂರು ಬೆರಳೆಳೆದು ಸ್ಕ್ರೀನ್‌ಶಾಟ್ ತೆಗೆಯುವ ಸೌಲಭ್ಯವಿದ್ದರೆ ಆ ಹೊತ್ತಿಗೆ ನಿಲ್ಲಿಸಿ, ಅದು ಎಣಿಕೆಗೆ ಅಡ್ಡಬರುತ್ತದೆ. ಈಗ ಒಂದೊಂದೇ ಬೆರಳು ಇಡುತ್ತಾ ಹೋಗಿ. ಪರದೆಯ ಮೇಲ್ತುದಿಯ ಎಡಮೂಲೆಯಲ್ಲಿ ಎಷ್ಟು ಬೆರಳು ಸಿಕ್ಕಿವೆ ಎಂಬ ಸಂಖ್ಯೆ ಕಾಣುತ್ತದೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳಲ್ಲಿ, ವಿಶೇಷ ಮಕ್ಕಳ ಮನೆಬಾಗಿಲಿಗೆ ಹೋಗಿ ಕಲಿಸುವ ಬಿಐಇಆರ್‌ಟಿ ಶಿಕ್ಷಕರಲ್ಲಿ, ಶಾಲೆಗೆ ಟ್ಯಾಬ್ಲೆಟ್ ಕೊಡಿಸುವ ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಖರೀದಿಯ ಷರತ್ತುಗಳಲ್ಲಿ ಮೆಮೊರಿ, ಬ್ಯಾಟರಿ, ಕ್ಯಾಮೆರಾಗಳ ಜೊತೆಗೆ ‘ಹತ್ತು ಬೆರಳು ಗುರುತಿಸುವ ಪರದೆ’ ಎಂಬ ಒಂದು ಸಾಲು ಸೇರಿಸಿ. ಅಂಗಡಿಯಲ್ಲೇ ಕೊಳ್ಳುವುದಾದರೆ, ಹಣ ಕೊಡುವ ಮೊದಲು ಪರದೆಯ ಮೇಲೆ ಆರು ಬೆರಳಿಟ್ಟು ನೋಡಿ. ಐದೇ ತೋರಿಸಿದರೆ ಬೇರೊಂದನ್ನು ಕೇಳಿ.