ಮೋಡದ ಒಡಲೊಳಗೆ

ಸಿಡಿಲ ಮೋಡವನ್ನು ಕಂಡೊಡನೆ ದೂರ ಸರಿಯುವುದೇ ವೈಮಾನಿಕನ ಧರ್ಮವೆಂದು ಬಗೆಯುತ್ತಿದ್ದ ಕಾಲದಲ್ಲಿ, ಬೇಕೆಂದೇ ಅದರ ಒಡಲನ್ನು ಹೊಕ್ಕು ಹೊರಬರುವ ಸಾಹಸವೊಂದು ಹೊರೇಸ್ ಬೈಯರ್ಸ್ ಎಂಬ ಹವಾಮಾನ ವಿಜ್ಞಾನಿಯ ನೇತೃತ್ವದಲ್ಲಿ ಅಮೆರಿಕದೊಳಗೆ ನಡೆಯಿತು. 1946ರಲ್ಲಿ ಉಷ್ಣವಲಯದ ಅಂಚಿನ ಫ್ಲಾರಿಡಾದಲ್ಲಿಯೂ, ಮರುವರ್ಷ ಮಧ್ಯ ಅಕ್ಷಾಂಶದ ಓಹಾಯೊದಲ್ಲಿಯೂ, ಯುದ್ಧಕಾಲದ ಪಿ-61 ವಿಮಾನಗಳು 5,000 ಅಡಿಯಿಂದ 25,000 ಅಡಿಯವರೆಗಿನ ಬೇರೆ ಬೇರೆ ಎತ್ತರಗಳಲ್ಲಿ ಹಾರಿ, ಒಟ್ಟು 1,363 ಬಾರಿ ಮೋಡಗಳನ್ನು ಭೇದಿಸಿದುವು. ಗಾಳಿ ಎತ್ತಿದರೆ ಏರಬೇಕು, ಒತ್ತಿದರೆ ಇಳಿಯಬೇಕು, ಎತ್ತರವನ್ನು ಉಳಿಸಿಕೊಳ್ಳಲೆಂದು ಸೆಣಸಕೂಡದು: ಚಾಲಕರಿಗಿದ್ದ ಆಜ್ಞೆ ಇದು. ವಿಮಾನವೇ ಮಾಪಕವಾಯಿತು, ಒಳಗಿದ್ದವರ ಹೊಟ್ಟೆಯ ಪಾಡನ್ನು ನಾವು ಊಹಿಸಿಕೊಳ್ಳಬಹುದು.

ಹೀಗೆ ಮೋಡದ ಜೀವನಚರಿತ್ರೆ ತೆರೆದುಕೊಂಡಿತು. ಮೊದಲು ಎಲ್ಲವೂ ಆರೋಹಣ: ಕಾದ ತೇವದ ಗಾಳಿ ಮೇಲೇರಿ, ಆವಿ ಹನಿಗಟ್ಟುವಾಗ ಬಿಡುಗಡೆಯಾದ ಗುಪ್ತೋಷ್ಣದಿಂದ ಇನ್ನಷ್ಟು ಮೇಲೇರುತ್ತದೆ. ಪ್ರೌಢಾವಸ್ಥೆಯಲ್ಲಿ, ಬೀಳುವ ಹನಿಗಳು ಗಾಳಿಯನ್ನು ತಮ್ಮೊಡನೆ ಕೆಳಕ್ಕೆಳೆಯುತ್ತ, ಅರೆವಾಸಿ ಆವಿಯಾಗಿ ಅದನ್ನು ತಣಿಸುತ್ತ, ಆರೋಹಣದ ಪಕ್ಕದಲ್ಲಿಯೇ ಅವರೋಹಣವನ್ನು ಹುಟ್ಟಿಸುತ್ತವೆ. ನಮ್ಮ ಬೇಸಗೆಯ ಸಂಜೆಯಲ್ಲಿ, ಮೊದಲ ಹನಿಗೆ ಮುನ್ನವೇ ಅಂಗಳದ ಹಪ್ಪಳದ ಚಾಪೆಯನ್ನು ಹಾರಿಸಿ ಮಣ್ಣಿನ ವಾಸನೆ ತರುವ ತಣ್ಣನೆಯ ಬೀಸುಗಾಳಿ ಈ ಅವರೋಹಣದ್ದೇ. ಕಡೆಗೆ ಆ ತಂಪು ನೆಲದ ಮೇಲೆ ಹರಡಿ, ಬೆಚ್ಚನೆಯ ಗಾಳಿಯ ದಾರಿಯನ್ನು ಕಡಿದು, ತನ್ನನ್ನು ಹೆತ್ತ ಮೋಡವನ್ನೇ ಕೊಲ್ಲುತ್ತದೆ.