ಅಲಮೇಲುವಿನ ಇನ್ನೊಂದು ಬಾಳು

‘ನಾಗರಹಾವು’ ಎಂದರೆ ಚಿತ್ರದುರ್ಗದವರಿಗೆ ಮೊದಲು ನೆನಪಾಗುವುದು ರಾಮಾಚಾರಿಯ ಹಟ, ಸಿಟ್ಟು, ಕೋಟೆಯ ಬಂಡೆಗಳು. ತ.ರಾ.ಸುಬ್ಬರಾಯರ (ತರಾಸು) ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರೆಂದು ತರಾಸು ಬೇಸರಪಟ್ಟಿದ್ದರಂತೆ. ಆದರೂ ಜನರ ಮನಸ್ಸಿನಲ್ಲಿ ಉಳಿದಿರುವುದು ತೆರೆಯ ಮೇಲಿನ ಕಥೆಯಾದ್ದರಿಂದ ಇಲ್ಲಿ ಅದನ್ನೇ ಹಿಡಿದು ಮಾತಾಡುತ್ತೇನೆ. ಹಟಮಾರಿಯೊಬ್ಬನ ದುರಂತ ಎಂದು ನಾವು ರೂಢಿಯಿಂದ ಹೇಳುತ್ತ ಬಂದ ಈ ಕಥೆಯ ಹೊಟ್ಟೆಯಲ್ಲಿರುವುದು ಪಶ್ಚಾತ್ತಾಪ. ಅದೂ ಇನ್ನೊಬ್ಬರ ಬಾಳನ್ನು ತಾವು ತೀರ್ಮಾನಿಸಿದವರ ಪಶ್ಚಾತ್ತಾಪ.

ಮ್ಯಾಟ್ ಹೇಗ್ 2020ರಲ್ಲಿ ಪ್ರಕಟಿಸಿದ ‘ದಿ ಮಿಡ್‌ನೈಟ್ ಲೈಬ್ರರಿ’ ಕಾದಂಬರಿಯಲ್ಲಿ ನೋರಾ ಎಂಬ ಹೆಂಗಸಿಗೆ ಒಂದು ಗ್ರಂಥಾಲಯ ಸಿಗುತ್ತದೆ. ಅಲ್ಲಿನ ಒಂದೊಂದು ಪುಸ್ತಕವೂ ಅವಳು ಬಾಳಬಹುದಾಗಿದ್ದ ಒಂದೊಂದು ಬದುಕು. ಬೇಕಾದ್ದನ್ನು ತೆರೆದು ಬಾಳಿ ನೋಡಬಹುದು. ರಾಮಾಚಾರಿ ಪ್ರೀತಿಸಿದ ಅಲಮೇಲುವಿಗೆ ಅಂಥ ಕಪಾಟು ಇರಲಿಲ್ಲ. ಅವಳ ಬೆನ್ನುಬಿದ್ದ ಪುಂಡ ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ಕೊಡುತ್ತೇನೆಂದು ಅವಳ ಅಣ್ಣ ವರದ ರಾಮಾಚಾರಿಗೆ ಮಾತು ಕೊಡುತ್ತಾನೆ, ಕೆಲಸವಾದ ಮೇಲೆ ಜಾತಿ ನೆನಪಾಗಿ ಹಿಂಜರಿಯುತ್ತಾನೆ. ಯಾರ ಮಾತಿಗೂ ಬಗ್ಗದ ರಾಮಾಚಾರಿಯನ್ನು ಬಗ್ಗಿಸಬಲ್ಲವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಮಕ್ಕಳಿಲ್ಲದ ಮೇಷ್ಟ್ರಿಗೂ ಅವರ ಹೆಂಡತಿ ತುಂಗಮ್ಮನಿಗೂ ಅವನೇ ಮಗ. ಮೇಷ್ಟ್ರು ತ್ಯಾಗ ದೊಡ್ಡದೆನ್ನುತ್ತಾರೆ, ಹುಡುಗ ಒಪ್ಪುತ್ತಾನೆ. ವರ್ಷಗಳ ಮೇಲೆ ಹೋಟೆಲೊಂದರಲ್ಲಿ ಅವನ ಎದುರಿಗೆ ಬಂದು ನಿಲ್ಲುವ ವೇಶ್ಯೆ ಅದೇ ಅಲಮೇಲು. ಕೈಹಿಡಿದ ಗಂಡನೇ ಅವಳನ್ನು ಆ ದಂಧೆಗೆ ನೂಕಿರುತ್ತಾನೆ. ಆಗಬಹುದಾಗಿದ್ದ ಬಾಳು ಯಾವುದು, ಆದದ್ದು ಯಾವುದು ಎಂದು ಹೇಳಲು ಆ ಭೇಟಿಯೊಂದೇ ಸಾಕು.

ಗಂಡ ನೀಚನಾದರೆ ಮೇಷ್ಟ್ರು ಏನು ಮಾಡಿಯಾರು, ಅವರಿಗೇನು ಕನಸು ಬಿದ್ದಿತ್ತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಂದಾಗುವುದು ಅವರಿಗೆ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಆದರೆ ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳನ್ನು ರಾಮಾಚಾರಿ ಮೆಚ್ಚಿದಾಗ ಮೇಷ್ಟ್ರು ಮತ್ತೆ ಅದೇ ಪಾಠ ಹೇಳಲು ಬರುತ್ತಾರೆ. ಆಗ ಜಾತಿ ಅಡ್ಡಬಂದಿತ್ತು, ಈಗ ಧರ್ಮ. ಮೊದಲ ಸಲದ್ದನ್ನು ಅಚಾತುರ್ಯವೆಂದು ಮನ್ನಿಸಬಹುದು. ಅಲಮೇಲುವಿಗೆ ಏನಾಯಿತೆಂದು ಶಿಷ್ಯನ ಬಾಯಿಂದ ಕೇಳಿದ ಮೇಲೂ ಹೊಸ ದಾರಿ ತೋರಿಸಲಾರದೆ ಬೆಟ್ಟದ ಮೇಲೆ ತಬ್ಬಿಬ್ಬಾಗಿ ನಿಲ್ಲುವ ಮೇಷ್ಟ್ರನ್ನು ಹಾಗೆ ಮನ್ನಿಸುವುದು ಕಷ್ಟ. ಕಡೆಗೆ ಮೇಷ್ಟ್ರು ಕೆಳಗೆ ಬೀಳುತ್ತಾರೆ, ರಾಮಾಚಾರಿಯೂ ಮಾರ್ಗರೆಟ್ಟೂ ಹಾರುತ್ತಾರೆ. ಒಪ್ಪಿದವನು ರಾಮಾಚಾರಿಯೇ ಅಲ್ಲವೇ, ಹೊಣೆ ಅವನದಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೌದು, ಅವನದೂ ಪಾಲಿದೆ. ಗುರುವಿನ ಮೇಲಿನ ಪ್ರೀತಿಯಿಂದ ತನ್ನ ತೀರ್ಮಾನವನ್ನು ಅವರ ಕೈಗಿಟ್ಟದ್ದು ಅವನೇ. ಆದರೆ ಇಬ್ಬರೂ ತ್ಯಾಗ ಎಂದು ಕರೆದದ್ದು ಯಾರ ಸೊತ್ತನ್ನು? ಮಾತು ಕೊಟ್ಟವನು ಅಣ್ಣ, ಬಿಡಿಸಿದವರು ಮೇಷ್ಟ್ರು, ಬಿಟ್ಟವನು ಪ್ರಿಯಕರ. ನಿನಗೇನು ಬೇಕಮ್ಮ ಎಂದು ಈ ಮೂವರಲ್ಲಿ ಒಬ್ಬರಾದರೂ ಕೂತು ಅಲಮೇಲುವನ್ನು ಕೇಳಿದ್ದರೆ, ಆ ಹೋಟೆಲಿನ ಭೇಟಿಯೇ ಇರುತ್ತಿರಲಿಲ್ಲ.